ಯಾರ ಅಧಿಕಾರದಲ್ಲಿ ಓಡುತ್ತಿದೆ

ಮಾನ್ವಿಯ ಕಾಲೇಜಿನಿಂದ ಫೋನ್ ಬಂದಾಗ ನಾನು ರಾಯಚೂರಿನ ನನ್ನ ಅಂಗಡಿಯಲ್ಲಿ ಒಂದು ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಆ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಮೂರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳು ನಾನೇ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಫೈಲುಗಳು ಸರ್ವರ್‌ನಿಂದ ಮಾಯವಾಗಿವೆ, ಲ್ಯಾಬಿನ ಅಟೆಂಡರ್ ಏನೋ ಒತ್ತಿ ಅಳಿಸಿಬಿಟ್ಟಿದ್ದಾರೆ, ಬೇಗ ಬನ್ನಿ ಎಂದರು ಪ್ರಾಂಶುಪಾಲರು. ಬಸ್ಸು ಕಲ್ಮಲ ದಾಟುವಾಗ ನಾನೂ ಅದನ್ನೇ ನಂಬಿದ್ದೆ.

ಅಟೆಂಡರ್ ಕವಿತಾಳದಿಂದ ದಿನಾ ಬಂದು ಹೋಗುವ, ಐವತ್ತು ದಾಟಿದ ಹೆಂಗಸು. ಲ್ಯಾಬಿನ ಬೀಗ ತೆಗೆಯುವುದು, ಧೂಳು ಒರೆಸುವುದು, ಹಾಜರಿ ತುಂಬುವುದು ಅವರ ಕೆಲಸ. ಓದಿದ್ದು ಏಳನೇ ತರಗತಿ. ಕಂಪ್ಯೂಟರಿನಲ್ಲಿ ಹಾಜರಿ ತುಂಬುವುದನ್ನು ಯಾರ ಕೈಯಲ್ಲೂ ಹೇಳಿಸಿಕೊಳ್ಳದೆ ನೋಡಿ ನೋಡಿಯೇ ಕಲಿತಿದ್ದರು. ನಾನು ಹೋದಾಗ ಅವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಪ್ರಾಂಶುಪಾಲರು ಅವರ ಕೈಯಿಂದ ಲ್ಯಾಬಿನ ಕೀಲಿಕೈ ಗೊಂಚಲನ್ನು ಆಗಲೇ ಇಸಿದುಕೊಂಡಿದ್ದರು.

"ನಾ ಹಾಜರಿ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ರೀ," ಎಂದರು. "ನೀವರ ನೋಡಿ ಹೇಳ್ರಿ."

ಸರ್ವರ್ ಮುಂದೆ ಕೂತು ಕಪ್ಪು ಪರದೆ ತೆರೆದೆ. ಓಡುತ್ತಿರುವ ಪ್ರೋಗ್ರಾಮುಗಳನ್ನೆಲ್ಲ ತೋರಿಸುವ ಪುಟ್ಟ ಆಜ್ಞೆಯೊಂದಿದೆ. ಅದನ್ನು ಟೈಪ್ ಮಾಡಿದರೆ ಪ್ರತಿ ಸಾಲಿನ ಮೊದಲಿಗೆ ಆ ಪ್ರೋಗ್ರಾಮು ಯಾರ ಹೆಸರಿನಲ್ಲಿ, ಅಂದರೆ ಯಾರ ಅಧಿಕಾರದಲ್ಲಿ ಓಡುತ್ತಿದೆ ಎಂಬುದು ಕಾಣುತ್ತದೆ. ಬೆಳಿಗ್ಗೆ ಅಟೆಂಡರನ್ನು ಕುರ್ಚಿಯಿಂದ ಅವಸರದಲ್ಲಿ ಎಬ್ಬಿಸಿ ಹೊರಗೆ ಕಳಿಸಿದ್ದರಿಂದ ಹಾಜರಿ ಪ್ರೋಗ್ರಾಮು ಇನ್ನೂ ತೆರೆದೇ ಇತ್ತು. ಅದರ ಸಾಲಿನಲ್ಲಿ ಅಟೆಂಡರ್ ಹೆಸರಿತ್ತು. ಆ ಹೆಸರಿಗೆ ಹಾಜರಿ ಬರೆಯುವುದರ ಹೊರತು ಬೇರೆ ಯಾವ ಅಧಿಕಾರವೂ ಇರಲಿಲ್ಲ. ಖಾತ್ರಿಗಾಗಿ ವಿದ್ಯಾರ್ಥಿಗಳ ಫೋಲ್ಡರಿನಲ್ಲಿ ನಾನೇ ಒಂದು ಖಾಲಿ ಫೈಲು ಇಟ್ಟು, ಅದನ್ನು ಅದೇ ಹೆಸರಿನಿಂದ ಅಳಿಸಲು ನೋಡಿದೆ. ಅನುಮತಿ ಇಲ್ಲ ಎಂದಿತು. ಬೇಕೆಂದರೂ ಅವರ ಕೈಯಿಂದ ಅದು ಸಾಧ್ಯವಿರಲಿಲ್ಲ.

ಪಟ್ಟಿಯಲ್ಲಿ ಇನ್ನಷ್ಟು ಕೆಳಗೆ ಇಳಿದೆ. ಎಲ್ಲವನ್ನೂ ಅಳಿಸಬಲ್ಲ ಹೆಸರೆಂದರೆ ರೂಟ್, ಕಂಪ್ಯೂಟರಿನ ಪೂರ್ಣ ಯಜಮಾನಿಕೆ. ಯಂತ್ರದ ಸ್ವಂತ ಕೆಲಸಗಳ ನಡುವೆ ಆ ಹೆಸರಿನಲ್ಲಿ ಹೊರಗಿನಿಂದ ತಂದಿಟ್ಟ ಪ್ರೋಗ್ರಾಮು ಒಂದೇ ಒಂದು ಓಡುತ್ತಿತ್ತು. ಅದನ್ನು ಬರೆದವಳು ನಾನು. ಹಿಂದೊಮ್ಮೆ ಡಿಸ್ಕ್ ತುಂಬಿದಾಗ, ಮೂರು ತಿಂಗಳು ಯಾರೂ ಮುಟ್ಟದ ಫೈಲುಗಳನ್ನು ತೆಗೆದುಹಾಕಲಿ ಎಂದು ಇಟ್ಟಿದ್ದೆ. ಬೇಕಾದಷ್ಟೇ ಅನುಮತಿ ಕೊಡುವ ತಾಳ್ಮೆಯಿಲ್ಲದೆ ಪೂರ್ಣ ಅಧಿಕಾರ ಕೊಟ್ಟು ಮರೆತಿದ್ದೆ. ಈ ವರ್ಷ ವಿದ್ಯಾರ್ಥಿಗಳು ತರಬೇತಿಗೆಂದು ಹಳ್ಳಿಗಳಿಗೆ ಹೋಗಿದ್ದರು. ಮೂರು ತಿಂಗಳು ಅವರ ಫೈಲುಗಳನ್ನು ಯಾರೂ ತೆರೆದಿರಲಿಲ್ಲ.

ಪ್ರಾಂಶುಪಾಲರು ಹಿಂದೆಯೇ ನಿಂತಿದ್ದರು. ವೈರಸ್ ಏನಾದರೂ ಇರಬಹುದೇ ಎಂದು ಕೇಳಿದರು. ಹೌದೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಕ್ಷಣ ಬಾಯಿಗೂ ಬಂತು. ಆದರೆ ಅಟೆಂಡರನ್ನು ಒಳಗೆ ಕರೆಸಿ ಎಂದೆ.

ಅವರು ಬಂದು ಪಕ್ಕದಲ್ಲಿ ನಿಂತ ಮೇಲೆ ಇಬ್ಬರಿಗೂ ನನ್ನ ಪ್ರೋಗ್ರಾಮಿನ ಸಾಲನ್ನು ತೋರಿಸಿದೆ. "ಇದು ನನ್ನ ಕೆಲಸಾರಿ. ಇವ್ರು ಅಳಿಸಿಲ್ಲ, ಅಳಿಸಾಕ ಇವ್ರಿಗೆ ಅಧಿಕಾರನೂ ಇಲ್ಲ. ತಪ್ಪು ನಂದು."

ಪ್ರಾಂಶುಪಾಲರು ಪರದೆಯತ್ತ ಬಾಗಿ ಆ ಸಾಲನ್ನು ಓದಿದರು. ಆಮೇಲೆ ಜೇಬಿನಿಂದ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಅಟೆಂಡರ್ ಅದನ್ನು ತಕ್ಷಣ ಎತ್ತಿಕೊಳ್ಳಲಿಲ್ಲ.

"ನನ್ನ ಹೆಸರು ಎಲ್ಲಿ ಅದ, ತೋರಿಸ್ರಿ," ಎಂದರು ನನಗೆ. ತೋರಿಸಿದೆ. ಬೆರಳಿಟ್ಟು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. "ಮೊದಲ ಇದನ್ನ ನೋಡಿದ್ರ, ನಾ ಹೊರಗ ಕೂಡೂದು ತಪ್ಪತಿತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಆ ಪ್ರೋಗ್ರಾಮನ್ನು ಅವರ ಎದುರೇ ನಿಲ್ಲಿಸಿ ಕಿತ್ತುಹಾಕಿದೆ. ರಾಯಚೂರಿನಲ್ಲಿ ನಾನು ಇಟ್ಟುಕೊಂಡಿದ್ದ ಹಳೆಯ ಪ್ರತಿಯಿಂದ ಬಹುಪಾಲು ಫೈಲುಗಳು ವಾಪಸ್ಸು ಬಂದವು. ಇಬ್ಬರು ಹುಡುಗಿಯರ ಪ್ರಾಜೆಕ್ಟ್ ವರದಿಯ ಕೊನೆಯ ಅಧ್ಯಾಯಗಳು ಮಾತ್ರ ಸಿಗಲಿಲ್ಲ. ಅವರು ಮತ್ತೆ ಬರೆಯುವಾಗ ಅಟೆಂಡರ್ ಸಂಜೆಯ ಬಸ್ಸು ಬಿಟ್ಟು ಲ್ಯಾಬು ತೆರೆದಿಟ್ಟರಂತೆ. ಮುಂದಿನ ವರ್ಷದಿಂದ ಕಾಲೇಜು ಲ್ಯಾಬು ನೋಡಿಕೊಳ್ಳುವ ನನ್ನ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ನಾನು ಕಾರಣ ಕೇಳಲಿಲ್ಲ.

ಅದೇ ಪ್ರೋಗ್ರಾಮನ್ನು ದೇವದುರ್ಗದ ಇನ್ನೊಂದು ಕಾಲೇಜಿನಲ್ಲೂ ಇಟ್ಟಿದ್ದೆ. ಮಾನ್ವಿಗೆ ಹೋಗಿ ಬಂದ ಮರುದಿನವೇ ಅಲ್ಲಿಗೆ ಹೋದೆ. ಕರೆಯದೆ ಯಾಕೆ ಬಂದಿರಿ ಎಂದು ಅಲ್ಲಿನ ಮೇಷ್ಟ್ರು ಕೇಳಿದರು. ನಡೆದದ್ದನ್ನೆಲ್ಲ ಹೇಳಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ಮೇಲಿನಿಂದ ಒಂದೊಂದೇ ಸಾಲು ಓದತೊಡಗಿದೆ.