ಬಿಟ್ಟುಕೊಟ್ಟ ಸೀಮೆ

ಸುಬ್ಬಪ್ಪನವರ ತಂದೆ ಗೇಣಿದಾರರು. ಒಡೆಯರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವರು. ಭೂಸುಧಾರಣೆಯಲ್ಲಿ ಗದ್ದೆ ಅವರ ಹೆಸರಿಗಾದ ಮೇಲೆ ಮಗ ಓದಿದರು, ಸೊಸೈಟಿಯ ಅಧ್ಯಕ್ಷರಾದರು, ಒಂದು ಅವಧಿಗೆ ಹೊಸನಗರದ ಶಾಸಕರೂ ಆದರು. ಒಳ್ಳೆಯ ಶಾಸಕರೆಂದೇ ಹೇಳಬೇಕು. ಬೆಳಗಾಗುವ ಮೊದಲೇ ಮನೆಯ ತುಂಬ ಜನ. ಕಾಫಿ ಕೊಟ್ಟು ಕೊಟ್ಟು ಸೋತ ಹೆಂಡತಿ ಯಶೋಧಾ, "ಇದೆಂತ ಮನೆಯಾ, ಹೋಟ್ಲಾ?" ಎಂದು ಗೊಣಗುತ್ತಿದ್ದರು.

ಸುಬ್ಬಪ್ಪನವರಿಗಿದ್ದುದು ಒಂದೇ ಮುನಿಸು. ಮಾಸ್ತಿಕಟ್ಟೆ ಕಡೆಯವರು ತಮಗೆ ಮತ ಹಾಕಲಿಲ್ಲವಲ್ಲ ಎಂಬುದು. ಮಾಣಿ ಅಣೆಕಟ್ಟೆಗೆ ಗದ್ದೆ ಮನೆ ಕಳೆದುಕೊಂಡಿದ್ದ ಆ ಜನ ಯಾವ ಶಾಸಕನನ್ನೂ ನಂಬುತ್ತಿರಲಿಲ್ಲ. ಕ್ಷೇತ್ರಗಳ ಗಡಿ ಬದಲಾಗುವ ಸುದ್ದಿ ಬಂದು, ಅಭಿಪ್ರಾಯ ಕೇಳುವ ಸಭೆ ನಡೆದಾಗ ಸುಬ್ಬಪ್ಪನವರು ಎದ್ದು ನಿಂತು, "ಆ ಭಾಗ ತೀರ್ಥಹಳ್ಳಿ ಕ್ಷೇತ್ರಕ್ಕೇ ಹೋಗಲಿ, ನಮ್ಮ ಅಭ್ಯಂತರವಿಲ್ಲ" ಎಂದುಬಿಟ್ಟರು. ಕಾಲಿಗೆ ಚುಚ್ಚಿದ ಮುಳ್ಳು ತೆಗೆದೆಸೆದಷ್ಟು ನೆಮ್ಮದಿ ಅವರಿಗೆ.

ಕಡೆಗೆ ನಕ್ಷೆ ಹೊರಬಂದಿತು. ಆ ಭಾಗ ತೀರ್ಥಹಳ್ಳಿಗೆ ಹೋಗಿತ್ತು, ನಿಜ. ಉಳಿದದ್ದು ಸಾಗರ ಕ್ಷೇತ್ರಕ್ಕೆ ಹೋಗಿತ್ತು. ಹೊಸನಗರವೆಂಬ ಕ್ಷೇತ್ರವೇ ಇರಲಿಲ್ಲ.

ಸಾಗರದಲ್ಲಿ ಪಕ್ಷದ ಟಿಕೆಟ್ ಸಾಗರದವರಿಗೇ ಆಯಿತು. ಶಾಸಕರಾಗಿ ಉಳಿಯಬೇಕಾದರೆ ಇನ್ನು ತೀರ್ಥಹಳ್ಳಿಯೊಂದೇ ದಾರಿ. ಅಲ್ಲಿಯ ಮುಖಂಡರು ನಕ್ಕು, "ಮಾಸ್ತಿಕಟ್ಟೆ ಕಡೆಯೋರು ಬಂದು ನಿಮ್ಮನ್ನ ನಮ್ಮೋರು ಅನ್ಲಿ ಮಾರಾಯ್ರೇ, ಆಮೇಲೆ ನೋಡಾಣ" ಎಂದರು.

ಪಕ್ಷದ ವೀಕ್ಷಕರು ಅಭ್ಯರ್ಥಿ ಆರಿಸುವ ಸಭೆಗೆಂದು ತೀರ್ಥಹಳ್ಳಿ ಕಡೆಯ ಕೋಣಂದೂರಿಗೆ ಬಂದ ದಿನ ಸುಬ್ಬಪ್ಪನವರು ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಎರಡು ಜೀಪು ಬಂದು ನಿಂತವು. ಮಾಸ್ತಿಕಟ್ಟೆ ಕಡೆಯ ಪಂಚಾಯಿತಿ ಸದಸ್ಯೆ ಬೆಳ್ಳಮ್ಮ ಜನರೊಂದಿಗೆ ಇಳಿದರು. ಸುಬ್ಬಪ್ಪನವರು ಎದ್ದು ಕೈ ಮುಗಿದರು.

"ಹೇಳಿ ಅಮ್ಮ, ಇವರು ನಿಮ್ಮವರೋ?" ಎಂದು ವೀಕ್ಷಕರು ಕೇಳಿದರು.

"ಒಳ್ಳೆ ಮನುಷ್ಯ," ಎಂದರು ಬೆಳ್ಳಮ್ಮ. "ಲಂಚ ಗಿಂಚ ಮುಟ್ಟಿದೋರಲ್ಲ. ಸುಳ್ಳು ಹೇಳಬಾರ್ದು."

ಸುಬ್ಬಪ್ಪನವರ ಮುಖ ಅರಳಿತು.

"ಆದ್ರೆ ನಮ್ಮನ್ನ ಒಂದ್ಸಲ ನೀರಿಗೆ ಕೊಟ್ರು ಸ್ವಾಮಿ. ಅದು ಸರ್ಕಾರ, ನಮ್ಮ ಮುಖ ನೋಡಿದ್ದಲ್ಲ. ಇನ್ನೊಂದ್ಸಲ ತೀರ್ಥಳ್ಳಿಗೆ ಕೊಟ್ರು. ಅದು ಇವ್ರು, ನಮ್ಮ ಮುಖ ನೋಡೇ ಕೊಟ್ರು. ಕೊಟ್ಟ್ ಮೇಲೆ ಈಗೆಂತಕ್ಕೆ ನಮ್ಮೋರು ಅಂತ ಬರೋದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಬ್ಬಪ್ಪನವರು ಮುಗಿದ ಕೈ ಇಳಿಸಿ ಕುಳಿತರು. ಆಡಿದ ಮಾತು ಆಡಿಯಾಗಿತ್ತು.

ಸಭೆ ಮುಗಿದ ಮೇಲೆ ಬೆಳ್ಳಮ್ಮನೇ ಹತ್ತಿರ ಬಂದು, "ಹೊತ್ತಾತು, ಊಟ ಮಾಡ್ಕಂಡು ಹೋಗಿ. ಹಸ್ಕಂಡು ಹೋಗ್ಬೇಡಿ" ಎಂದರು. ಹೊರಗಿನವರಿಗೆ ಹೇಳುವಂಥ ಆ ಉಪಚಾರದ ಮಾತು ಸುಬ್ಬಪ್ಪನವರಿಗೆ ಸಭೆಯ ಮಾತಿಗಿಂತ ಹೆಚ್ಚು ನಾಟಿತು. ತಲೆ ತಗ್ಗಿಸಿ ಉಂಡರು.

ಟಿಕೆಟ್ ಬೇರೊಬ್ಬರಿಗಾಯಿತು. ಈಗ ಸುಬ್ಬಪ್ಪನವರಿಗೆ ಎಪ್ಪತ್ತು ದಾಟಿದೆ. ಚುನಾವಣೆ ಬಂದಾಗ ಹೆಂಡತಿಯೊಂದಿಗೆ ಹೋಗಿ, ಸಾಲಿನಲ್ಲಿ ನಿಂತು, ಸಾಗರದ ಯಾರಿಗೋ ಮತ ಹಾಕಿ ಬರುತ್ತಾರೆ. ಯಾರಿಗೆ ಹಾಕುತ್ತೀರೆಂದು ಕೇಳಲು ಒಬ್ಬರೂ ಅವರ ಮನೆಗೆ ಬರುವುದಿಲ್ಲ.