ಕಿವಿ ಮೇಸ್ತ್ರಿಯ ಎದೆಯ ಸದ್ದು

ಎದೆಯ ಸ್ಕ್ಯಾನ್ ಮಾಡುವ ಕೋಣೆಯ ಆ ಹೆಂಗಸಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೇಸ್ತ್ರಿಯನ್ನು ಒಳಗೆ ಕರೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಇವರಿಗೆ ಏನಾಗ್ಬೇಕು? ಮಗನಾ?" ಎಂದು ಕೇಳಿದಳು. ಅಲ್ಲ ಎಂದೆ. "ಹಾಗಾದ್ರೆ ಹೊರಗೆ ಕೂತ್ಕೊಳ್ಳಿ" ಎಂದಳು. ಇಪ್ಪತ್ತಾರು ವರ್ಷ ಒಂದೇ ಬೆಂಚಿಗೆ ಎದುರುಬದುರು ನಿಂತು ದುಡಿದವನಿಗೆ ಹೇಳುವ ಮಾತೇ ಅದು? ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಅಂಗಿಯ ಗುಂಡಿ ಬಿಚ್ಚುತ್ತಾ ಹೇಳಿದರು: "ಇರ್ಲಿ ಬಿಡಮ್ಮ. ಬಲಗೈನ ಬಾಗಿಲ ಹೊರಗೆ ಬಿಟ್ಟು ಬರೋಕಾಗುತ್ತಾ?"

ಅವರನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ನೀರಿನ ಪಂಪು, ಡೀಸೆಲ್ ಎಂಜಿನ್ನು ರಿಪೇರಿ ಅವರ ಕಸುಬು. ಓಡುತ್ತಿರುವ ಪಂಪಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. ಬೇರಿಂಗು ಹೋಗಿದೆ ಎನ್ನುವರು, ಇಲ್ಲವೇ ವಾಲ್ವಿಗೆ ಕಸ ಸಿಕ್ಕಿದೆ ಎನ್ನುವರು. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. "ಈ ಕಿವಿಗೆ ಆಚೆ ಬೀದಿ ಪಂಪು ಕೇಳ್ಸುತ್ತೆ, ಪಕ್ಕದಲ್ಲಿ ನಿಂತು ನಾನು ಕೂಗಿದ್ದು ಮಾತ್ರ ಕೇಳ್ಸಲ್ಲ" ಎಂದು ಅಮ್ಮ ಹಂಗಿಸಿದರೆ ಮೇಸ್ತ್ರಿ ಅದೂ ಕೇಳಿಸದವರಂತೆ ಎದ್ದು ಹೋಗುತ್ತಿದ್ದರು.

ಅವರ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಕೈಯಿಂದ ಏನು ಕೆಟ್ಟರೂ, ಅವನೇ ಆ ಭಾಗವನ್ನು ತಂದು ಬೆಂಚಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ, ಎಲ್ಲರ ಮುಂದೆ "ಇದು ನನ್ನ ಕೈಯಿಂದ ಕೆಟ್ಟಿದ್ದು" ಎನ್ನಬೇಕು. ಆಮೇಲೆ ಯಾರೂ ಒಂದು ಮಾತು ಆಡುವಂತಿಲ್ಲ. ನಾನು ಸೇರಿದ ಮೊದಲ ತಿಂಗಳು ಯಾರ ಮೇಲಿನದೋ ಸಿಟ್ಟನ್ನು ಬೋಲ್ಟಿನ ಮೇಲೆ ತೀರಿಸಿ, ಅತಿಯಾಗಿ ಬಿಗಿದು ಪಂಪಿನ ಎರಕದ ಮುಚ್ಚಳ ಒಡೆದಿದ್ದೆ. ನಾನೂ ಅಂಗೈ ಊರಿ ಹೇಳಿದ್ದೆ. ಒಮ್ಮೆ ಮೇಸ್ತ್ರಿಯೇ ಪಂಪಿನೊಳಗೆ ಚಿಂದಿ ಬಟ್ಟೆ ಮರೆತು ಮುಚ್ಚಿಬಿಟ್ಟಿದ್ದರು. ಅವರೇ ಅಂಗಡಿಯ ಯಜಮಾನರು, ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಸುಟ್ಟ ಮೋಟಾರು ಹೊತ್ತು ತಂದು, ಅಂಗೈ ಊರಿ, ನಮ್ಮೆದುರಿಗೆ ಹೇಳಿದರು.

ಎಪ್ಪತ್ತನಾಲ್ಕು ದಾಟಿದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. "ಎದೆ ಒಳಗೆ ಎಂಜಿನ್ನು ಮಿಸ್ ಹೊಡೀತಿದೆ ಕಣೋ" ಎಂದರು. ಹಾಗಾಗಿ ಆ ಕೋಣೆಗೆ ಹೋದದ್ದು.

ಆ ಹೆಂಗಸು ಮೇಸ್ತ್ರಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಹಚ್ಚಿ, ಪಕ್ಕೆಲುಬಿನ ಸಂದಿಗೆ ಯಂತ್ರದ ಹಿಡಿಯೊಂದನ್ನು ಒತ್ತಿದಳು. ಪರದೆಯ ಮೇಲೆ ಬೀಸಣಿಗೆಯಾಕಾರದ ಬೂದು ಬೆಳಕು ಬಂತು. ಅದರೊಳಗೆ ಮೇಸ್ತ್ರಿಯ ಹೃದಯ. ನಾನು ಮುಷ್ಟಿಯಂಥದ್ದೇನೋ ಕಾಣುತ್ತದೆ ಎಂದುಕೊಂಡಿದ್ದೆ. ಕಂಡದ್ದು ನಾಲ್ಕು ಕೋಣೆ, ನಡುವೆ ಪಟಪಟ ಬಡಿಯುವ ಬಾಗಿಲುಗಳು. ಕೆಳಗೆ ಒಂದು ಹಸಿರು ಗೆರೆ ಎದ್ದು ಬಿದ್ದು ಓಡುತ್ತಿತ್ತು. ಒಂದು ಏರಿಕೆ ಬೇಗ, ಮುಂದಿನದು ತಡ, ಆಮೇಲೆ ಎರಡು ಒಟ್ಟೊಟ್ಟಿಗೆ. ಒಂದರ ಲೆಕ್ಕ ಇನ್ನೊಂದಕ್ಕಿಲ್ಲ.

ಅವಳು ಒಂದು ಗುಂಡಿ ಒತ್ತಿದಾಗ ಪೆಟ್ಟಿಗೆಯಿಂದ ಸದ್ದು ಬಂತು. ಜೋರಾಗಿ ಉಸಿರೆಳೆದು ಬಿಟ್ಟಂತೆ. ಮೇಸ್ತ್ರಿ ಕಣ್ಣು ಮುಚ್ಚಿದರು.

"ಇನ್ನೊಂದ್ಸಲ ಕೇಳ್ಸಮ್ಮ."

ಕೇಳಿಸಿದಳು.

"ವಾಲ್ವು ಪೂರ್ತಿ ಕೂರ್ತಿಲ್ಲ. ಸ್ವಲ್ಪ ವಾಪಸ್ ಬರ್ತಿದೆ."

ಅವಳ ಕೈ ನಿಂತಿತು. "ನಿಮಗೆ ಯಾರು ಹೇಳಿದ್ರು?"

"ನೀನೇ ಈಗ ಕೇಳಿಸ್ದೆಯಲ್ಲ."

ಅವಳು ನಕ್ಕು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಕವಾಟದ ಅಂಚು ಸುಣ್ಣ ಕಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗಿನ ಕೋಣೆಯ ಗೋಡೆ ದಪ್ಪವಾಗಿ ಬಿರುಸಾಗಿತ್ತು, ಮೇಲಿನ ಎಡ ಕೋಣೆ ಹಿಗ್ಗಿತ್ತು. "ವಯಸ್ಸಾದ ಹಾಗೆ ಹೀಗಾಗುತ್ತೆ ತಾತ. ಡಾಕ್ಟರು ಹೇಳ್ತಾರೆ" ಎಂದಳು.

ಡಾಕ್ಟರು ಹೇಳಿದರು. ಹಿಗ್ಗಿದ ಆ ಕೋಣೆ ಲಯ ತಪ್ಪಿ ಬರೀ ನಡುಗುತ್ತಿದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಹರಿದು ಮಿದುಳಿಗೆ ಹೋಗಬಹುದು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು, ಒಂದು ಹೊತ್ತೂ ತಪ್ಪಿಸಬೇಡಿ ಎಂದರು.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಅಂಗಡಿಗೆ ಬಂದ ಮೇಸ್ತ್ರಿಯ ಗಲ್ಲದ ಮೇಲೆ ಹತ್ತಿ ಅಂಟಿತ್ತು. ಗಡ್ಡ ಹೆರೆಯುವಾಗ ಗೀರಿದ್ದು, ರಕ್ತ ನಿಂತಿಲ್ಲ. "ಏನಂತೀಯೋ ಇದಕ್ಕೆ?" ಎಂದರು.

ನನಗೆ ಆ ಆಸ್ಪತ್ರೆಯ ಮೇಲೆ ಮೊದಲೇ ಉರಿ ಇತ್ತು. "ಏನನ್ನೋದು? ಸವೆದ ಎಂಜಿನ್ನಿಗೆ ಯಾರಾದ್ರೂ ತೆಳು ಎಣ್ಣೆ ಹಾಕ್ತಾರಾ? ಇರೋ ಬರೋ ಸಂದೀಲೆಲ್ಲ ಸೋರುತ್ತೆ. ನೀವೇ ಕಲಿಸಿದ್ದಲ್ವಾ? ಅವರಿಗೇನು ಗೊತ್ತು ಮೇಸ್ತ್ರಿ, ಬಿಸಾಕಿ ಆ ಮಾತ್ರೇನ" ಎಂದೆ.

ಅವರು ಗಲ್ಲದ ಹತ್ತಿ ಒತ್ತಿಕೊಂಡರು. "ಅದೂ ನಿಜವೇ" ಎಂದರು. ಬಿಸಾಕಲಿಲ್ಲ. ಏನನ್ನೂ ಬಿಸಾಕುವ ಮನುಷ್ಯರಲ್ಲ. ಅಮ್ಮ ದಿನಾ ಕೈಗಿಡುತ್ತಿದ್ದ ಮಾತ್ರೆಯನ್ನು ಕಾಗದದಲ್ಲಿ ಮಡಿಚಿ ತಂದು ವಾಷರುಗಳ ಡಬ್ಬಿಗೆ ಹಾಕತೊಡಗಿದರು. ನಾನು ನೋಡುತ್ತಿದ್ದೆ.

ಒಂದೂವರೆ ತಿಂಗಳು ಕಳೆಯಿತು. ಮಧ್ಯಾಹ್ನ ಬೆಂಚಿನ ಮುಂದೆ ನಿಂತಿದ್ದಾಗ ಅವರ ಬಲಗೈಯಿಂದ ಸ್ಕ್ರೂಡ್ರೈವರು ಬಿತ್ತು. ಎತ್ತಿಕೊಡಲು ಬಗ್ಗಿದೆ. ಎದ್ದು ನೋಡುವಷ್ಟರಲ್ಲಿ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಬಲಭಾಗ ಹೋಯಿತು, ಮಾತೂ ಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಮಾತ್ರೆ ತಪ್ಪದೆ ತೊಗೊಳ್ತಿದ್ರಾ?"

"ನಾನೇ ಕೈಯಾರೆ ಕೊಡ್ತಿದ್ದೆ" ಎಂದರು ಅಮ್ಮ. ಆಮೇಲೆ, "ಯಾವತ್ತೋ ಮರೆತ್ನೇನೋ ಕಾಣೆ. ನನ್ನ ತಲೇನೂ ನೆಟ್ಟಗಿಲ್ಲ" ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ಬರೆದುಕೊಟ್ಟ ಚೀಟಿ ತೆಗೆದುಕೊಂಡು ಔಷಧಿ ತರಲು ಹೋದೆ.

ಮತ್ತೆ ಅದೇ ಕೋಣೆಗೆ, ಮೇಸ್ತ್ರಿಯನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಹೋದೆ. ಅದೇ ಹೆಂಗಸು. ಈ ಸಲ ಏನಾಗಬೇಕೆಂದು ಕೇಳಲಿಲ್ಲ. "ಬನ್ನಿ ಒಳಗೆ, ಅವರು ನಿಮ್ಮನ್ನೇ ಹುಡುಕ್ತಾರೆ" ಎಂದಳು. ಹೇಳದೆಯೇ ಸದ್ದು ಜೋರು ಮಾಡಿದಳು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎಡಗೈಯಿಂದ ನನ್ನ ಕೈ ಹಿಡಿದೆಳೆದು, ಅಂಗೈಯನ್ನು ತಮ್ಮ ಎದೆಯ ಅಂಟಿನ ಮೇಲೆ ಊರಿಕೊಂಡರು. ಕೈಯಡಿ ಅದು ಬಡಿಯುತ್ತಿತ್ತು, ಒಂದು ಬೇಗ, ಒಂದು ತಡ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಹೇಳೆಂದು ಕಾಯುತ್ತಿದ್ದರೋ, ಬರೀ ಕೇಳಿಸಿಕೋ ಎಂದರೋ ನನಗೆ ತಿಳಿಯದು. ಅಂಗೈ ಊರಿದ ಮೇಲೆ ಏನು ಹೇಳಬೇಕೆಂಬುದು ಮಾತ್ರ ತಿಳಿದಿತ್ತು. "ಚೆನ್ನಾಗೇ ಓಡ್ತಿದೆ ಮೇಸ್ತ್ರಿ" ಎಂದುಬಿಟ್ಟೆ.

ಹದಿನಾಲ್ಕು ತಿಂಗಳು ಬದುಕಿದರು. ದಿನಾ ಹೋಗುತ್ತಿದ್ದೆ, ಬೆನ್ನು ಒರೆಸುತ್ತಿದ್ದೆ, ಅಂಗಡಿಯ ಸುದ್ದಿ ಹೇಳುತ್ತಿದ್ದೆ. ಆ ಒಂದು ಮಾತು ಬಿಟ್ಟು ಎಲ್ಲ ಹೇಳಿದೆ.

ಅಮ್ಮ ಈಗಲೂ ಒಮ್ಮೊಮ್ಮೆ ಅಂಗಡಿಗೆ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುತ್ತಾರೆ. ಹೋದ ವಾರ ಬಂದವರು, "ಯಾವ ದಿನ ಮರೆತೆ ಅಂತ ಎಷ್ಟು ನೆನೆಸ್ಕೊಂಡ್ರೂ ಹೊಳೆಯಲ್ಲ ಕಣಪ್ಪ" ಎಂದರು. ವಾಷರುಗಳ ಡಬ್ಬಿ, ಮಡಿಚಿದ ಕಾಗದಗಳ ಸಮೇತ, ಬೆಂಚಿನ ಮೇಲೇ ಇತ್ತು. ಅದರ ಮುಚ್ಚಳದ ಮೇಲೆ ನನ್ನ ಅಂಗೈಯೂ ಇತ್ತು. "ಬಿಸಿಲು ಜಾಸ್ತಿ ಆಗ್ತಿದೆ, ನಡೀರಿ ಅಮ್ಮ, ಮನೆಗೆ ಬಿಡ್ತೀನಿ" ಎಂದೆ.