‘ಹೆನ್’ ಪದದ ಮೂರನೆಯ ಬೆರಳು

ಇನ್ಸ್‌ಪೆಕ್ಟರು ನನ್ನ ಇಂಗ್ಲಿಷ್ ಪಾಠ ನೋಡಲು ಬರುವ ದಿನ ಬೆಳಿಗ್ಗೆ ನನಗೆ ತಿಂಡಿ ಸೇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಹೆಬ್ಬಾಳ ದಾಟಿ ಯಲಹಂಕದ ದಾರಿಯಲ್ಲಿದ್ದ ನಮ್ಮ ಸರ್ಕಾರಿ ಶಾಲೆಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಿದ್ದರು. ನಾನೂ ಪುಟ್ಟೇನಹಳ್ಳಿಯ ರೈತರ ಮನೆಯವಳೇ. ನಮ್ಮಲ್ಲಿ ಹಾಲು ‘ಆಲು’, ಹಸು ‘ಅಸ’. ಟೀಚರ್ ಟ್ರೈನಿಂಗಿಗೆ ಸೇರಿದ ಮೇಲೆ ಹಟ ಹಿಡಿದು ನಾಲಿಗೆಗೆ ಹಕಾರ ಕಲಿಸಿದ್ದೆ. ಹೆದರಿಕೆಯಾದಾಗ ಮಾತ್ರ ಅದು ಕೈಕೊಡುತ್ತಿತ್ತು.

ಯಶವಂತಪುರದಲ್ಲಿ ನಡೆದ ತರಬೇತಿಯಲ್ಲಿ ಹೇಳಿದ್ದರು: ಸ್ಪೆಲ್ಲಿಂಗ್ ಮರೆತುಬಿಡಿ, ಕಿವಿಗೆ ಬಿದ್ದ ಧ್ವನಿಗಳನ್ನಷ್ಟೇ ಎಣಿಸಿ, ಒಂದೊಂದಕ್ಕೂ ಒಂದು ಬೆರಳು. ‘ಶಿಪ್’ಗೆ ಇಂಗ್ಲಿಷ್ ಅಕ್ಷರ ನಾಲ್ಕು, ಧ್ವನಿ ಮೂರೇ. ಕನ್ನಡ ಓದಿದ ನಮ್ಮ ಐದನೇ ಕ್ಲಾಸಿನ ಮಕ್ಕಳು ‘ಕ್ಯಾಟ್’ ಅಂದರೆ ‘ಕ್ಯಾ’, ‘ಟ್’ ಎಂದು ಎರಡೇ ಬೆರಳು ಎತ್ತುತ್ತಿದ್ದರು. ಆ ‘ಕ್ಯಾ’ವನ್ನೂ ‘ಕ್’, ‘ಆ್ಯ’ ಎಂದು ಒಡೆದು ಮೂರು ಎಣಿಸುವುದನ್ನು ಕಲಿಸಲು ಒಂದು ತಿಂಗಳೇ ಹಿಡಿಯಿತು.

ಇನ್ಸ್‌ಪೆಕ್ಟರು ಹಿಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅವರು ಒಪ್ಪದಿದ್ದರೆ ಇಂಗ್ಲಿಷ್ ತರಗತಿ ಬೇರೆಯವರಿಗೆ ಹೋಗುತ್ತಿತ್ತು. ‘ಶಿಪ್’ ಆಯಿತು, ‘ಬುಕ್’ ಆಯಿತು. ಮಕ್ಕಳೆಲ್ಲ ಸರಿಯಾಗಿ ಮೂರು ಬೆರಳು ಎತ್ತಿದರು.

“ಮುಂದಿನ ಪದ ನಾನು ಕೊಡ್ತೀನಿ,” ಎಂದು ಅವರು ಒಂದು ಚೀಟಿ ಕಳಿಸಿದರು. ‘ಹೆನ್’ ಎಂದು ಬರೆದಿತ್ತು. ಶುರುವೇ ಹಕಾರ, ನನಗೆ ಹೆದರಿಕೆ ಹತ್ತಿತು. ಮಕ್ಕಳ ಕಡೆ ತಿರುಗಿ ಪದ ಹೇಳಿದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ತಡಮಾಡದೆ ಎರಡು ಬೆರಳು ಎತ್ತಿದಳು.

“ನೋಡಿ, ಇವಳಿನ್ನೂ ಕನ್ನಡದ ಅಕ್ಷರಾನೇ ಎಣಿಸ್ತಿದಾಳೆ,” ಎಂದರು ಇನ್ಸ್‌ಪೆಕ್ಟರು. “ಎಲ್ಲಿ, ಬಿಡಿಸಿ ಹೇಳಮ್ಮ.”

ಅವಳು ಎದ್ದು ನಿಂತಳು. “ಎ... ನ್. ಎರಡೇ ಸಾ.”

“ಮೊದಲನೇ ಧ್ವನಿ ಎಲ್ಲಿ ಹೋಯ್ತು?”

“ಮಿಸ್ಸು ಅದನ್ನ ಏಳ್ಲೇ ಇಲ್ಲ ಸಾ.”

“ಹೌದಾ ಟೀಚರ್?” ಎಂದು ಅವರು ನನ್ನ ಕಡೆ ತಿರುಗಿದರು. ಮಗು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ಆ ಮಾತು ಬಾಯಿಯವರೆಗೂ ಬಂದಿತ್ತು. ಹುಡುಗಿಯ ಎರಡು ಬೆರಳು ಇನ್ನೂ ಮೇಲೇ ಇದ್ದವು.

“ಹೌದು ಸಾರ್. ತಪ್ಪು ನಂದು. ನಾನು ಹೇಳಿದ್ರಲ್ಲಿ ಎರಡೇ ಇತ್ತು. ಅವಳು ಎಣಿಸಿದ್ದು ಸರಿ.”

ಅವರ ಪೆನ್ನು ನಿಂತಿತು. “ಇನ್ನೊಂದ್ಸಲ ಹೇಳಿ.”

ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುವಂತೆ ಹೇಳಿದೆ. ಹುಡುಗಿ ಮೂರನೆಯ ಬೆರಳು ಬಿಡಿಸಿದಳು. ಇನ್ಸ್‌ಪೆಕ್ಟರು ಏನೋ ಬರೆದುಕೊಂಡು ಹೊರಟುಹೋದರು.

ಮಧ್ಯಾಹ್ನ ಊಟದ ಬೆಲ್ ಆದಾಗ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. “ನನ್ನಿಂದ ನಿಮ್ಗೆ ಬೈತಾರಾ ಮಿಸ್?”

“ಇಲ್ಲ ಕಣೇ. ಹೋಗು, ಊಟ ಮಾಡು,” ಎಂದೆ. ನನಗೇ ಅದು ಖಾತ್ರಿಯಿರಲಿಲ್ಲ.

ಮೂರು ವಾರ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಬಾಗಿಲಿಗೆ ಹೋಗಿ ನೋಡುತ್ತಿದ್ದೆ. ಕೊನೆಗೆ ಇನ್ಸ್‌ಪೆಕ್ಟರ ಕಾಗದ ಬಂತು: ಉಚ್ಚಾರಣೆ ಸಾಲದು, ಬೇಸಿಗೆ ರಜೆಯಲ್ಲಿ ಮತ್ತೆ ತರಬೇತಿಗೆ ಬರಬೇಕು, ಮಕ್ಕಳ ಕಲಿಕೆ ಚೆನ್ನಾಗಿದೆ, ತರಗತಿಯನ್ನು ಇವರೇ ಮುಂದುವರಿಸಲಿ. ಹೆಡ್‌ಮಿಸ್ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿದರು. ಅವಮಾನದಿಂದ ಕಿವಿ ಬಿಸಿಯಾಯಿತು. ಆದರೂ ಹಾಜರಿ ಪುಸ್ತಕ ಎತ್ತಿಕೊಂಡು ನೇರ ಐದನೇ ಕ್ಲಾಸಿಗೆ ಹೋದೆ.